ಮೇಸ್ತ್ರಿ ಇಟ್ಟ ಕೋಳಿ

ಚೀನೀಯರ ವಿಷಯದಲ್ಲಿ ಯೀ ಮೇಸ್ತ್ರಿಗೆ ತಿಳಿಯದ ಸಂಗತಿ ಒಂದೂ ಇರಲಿಲ್ಲ. ಹಾಗೆಂದು ಹೇಳುತ್ತಿದ್ದವರು ಅವರೇ; ಚೀನೀಯರಾದ ನಾವು ಕೇಳಿಕೊಂಡು ಸುಮ್ಮನಿರುತ್ತಿದ್ದೆವು. ಡಾಂಗ್‌ಗ್ವಾನ್ ನಗರದ ಹೌಜಿಯೆಯಲ್ಲಿ, ಷೂ ಕಾರ್ಖಾನೆಗಳ ನಮ್ಮ ಬೀದಿಯಲ್ಲಿ, ಪರದೇಶದವರು ಎರಡು ಬಗೆ. ಬಂದ ವರ್ಷವೇ ಹೊಟ್ಟೆ ಕೆಡಿಸಿಕೊಂಡು ಹಿಂದಿರುಗುವವರು ಒಂದು ಬಗೆ. ಹಿಂದಿರುಗುವುದನ್ನೇ ಮರೆತು, ಹೊಸದಾಗಿ ಬಂದವರಿಗೆ ನಮ್ಮನ್ನು ಕುರಿತು ಪಾಠ ಹೇಳುವವರು ಇನ್ನೊಂದು ಬಗೆ. ಮೇಸ್ತ್ರಿ ಈ ಎರಡನೆಯ ಬಗೆಯವರ ಪೀಠಾಧಿಪತಿ.

ಪೀಠವು ಭಾನುವಾರಗಳಂದು ಕಾಲುವೆಯ ದಂಡೆಯ ಬ್ರೆಜಿಲ್ ಹೋಟೆಲಿನಲ್ಲಿ ಸೇರುತ್ತಿತ್ತು. ವಿಮಾನದಿಂದ ಆಗತಾನೆ ಇಳಿದ ಯಾರನ್ನಾದರೂ ಎದುರಿಗೆ ಕೂರಿಸಿಕೊಂಡು, ಸೋರೆಬುರುಡೆಯಲ್ಲಿ ತುಂಬಿದ ಕಹಿ ಕಷಾಯವನ್ನು ಲೋಹದ ಕೊಳವೆಯಿಂದ ಹೀರುತ್ತ, ಮೇಸ್ತ್ರಿ ಉಪದೇಶ ಆರಂಭಿಸುತ್ತಿದ್ದರು. ಚೀನೀಯರು ಹೌದು ಎಂದರೆ ಇಲ್ಲವೆಂದರ್ಥ. ಚೀನೀಯರು ಮುಗುಳ್ನಕ್ಕರೆ ಸಿಟ್ಟು ಬಂದಿದೆಯೆಂದರ್ಥ. ಚೀನೀಯರಿಗೆ ಯಾವುದನ್ನೂ ನೇರವಾಗಿ ಹೇಳಕೂಡದು. ನಾನು ಹುನಾನ್ ಪ್ರಾಂತದವಳು. ನಾನು ಹೌದು ಎಂದರೆ ಹೌದು. ಸಿಟ್ಟು ಬಂದಾಗ ಮುಗುಳ್ನಗುವ ಅಭ್ಯಾಸ ನನ್ನ ವಂಶದಲ್ಲಿಯೇ ಇಲ್ಲ. ಈ ಉಪದೇಶದಲ್ಲಿ ಬರುವ ಚೀನೀಯರು ಯಾವ ಊರಿನವರೆಂದು ಒಮ್ಮೆ ಕೇಳಿದೆ.

"ನೀನು ಬೇರೆ ಬಿಡು, ಯಾನ್," ಎಂದರು.

"ಮತ್ತೆ ನಮ್ಮ ಸ್ಯಾಂಪಲ್ ರೂಮಿನೋರು?"

"ಅವರೆಲ್ಲ ಬೇರೆ."

ನಾನು ಆ ಮಾದರಿ ವಿಭಾಗದ ಮುಖ್ಯಸ್ಥೆ. ಹೊಲಿಗೆಯಂತ್ರದ ಮುಂದೆ ಕೂರುವ ಕೆಲಸಕ್ಕೆ ಸೇರಿದವಳು. ಸಂಜೆಯ ಶಾಲೆಯಲ್ಲಿ ಪೋರ್ಚುಗೀಸ್ ಕಲಿತದ್ದರಿಂದ ಮೇಸ್ತ್ರಿಯ ಮಾತನ್ನು ಮನುಷ್ಯರ ಮಾತಾಗಿ ಬದಲಾಯಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಆದ್ದರಿಂದ ಅವರನ್ನು ಕುರಿತು ಬರೆಯುವ ಅಧಿಕಾರ ನನಗಿಂತ ಹೆಚ್ಚು ಬೇರಾರಿಗೂ ಇಲ್ಲವೆಂದು ತಿಳಿದಿದ್ದೇನೆ.

ಅವರ ಹೆಸರು ಇಲ್ಮೊ ಹಾರ್ಟ್‌ಮನ್. ಅದರ ಮೊದಲ ತುಣುಕಷ್ಟೇ ನಮ್ಮ ನಾಲಿಗೆಯಲ್ಲಿ ನಿಂತು ಯೀ ಆಯಿತು. ಕಸುಬು ಬಲ್ಲವರನ್ನು ನಾವು ಮೇಸ್ತ್ರಿ ಎಂದೇ ಕರೆಯುವುದರಿಂದ ಯೀ ಮೇಸ್ತ್ರಿ. ಬ್ರೆಜಿಲ್ ದೇಶದ ದಕ್ಷಿಣದ ತುದಿಯಲ್ಲಿ, ಜರ್ಮನಿಯಿಂದ ವಲಸೆ ಹೋದವರ ಮೊಮ್ಮಕ್ಕಳು ತುಂಬಿಕೊಂಡಿರುವ ಒಂದು ಕಣಿವೆಯಲ್ಲಿ ಹುಟ್ಟಿದರು. ಆ ಕಣಿವೆಯ ಜನರಿಗೆ ಷೂ ಮಾಡುವುದೊಂದೇ ಬದುಕು. ಅಮೆರಿಕದ ವ್ಯಾಪಾರಿಗಳು ಅವರನ್ನು ಬಿಟ್ಟು ನಮ್ಮ ಕಡೆ ತಿರುಗಿದಾಗ ಅಲ್ಲಿನ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಅಲ್ಲಿಗೇ ನಿಂತಿದ್ದರೆ ಅದು ಬರಿಯ ದುಃಖದ ಕಥೆಯಾಗುತ್ತಿತ್ತು. ಆದರೆ ಹೆಂಗಸರ ಎತ್ತರದ ಹಿಮ್ಮಡಿಯ ಷೂ ನಮ್ಮವರ ಕೈಗೆ ಬಗ್ಗುತ್ತಿರಲಿಲ್ಲ. ನಾವು ಮಾಡಿದ ಷೂ ತೊಟ್ಟವಳು ನಡೆದರೆ ಆಗತಾನೆ ಹುಟ್ಟಿದ ಕರು ನಡೆದಂತೆ ಕಾಣುತ್ತಿತ್ತು. ಆದ್ದರಿಂದ ವ್ಯಾಪಾರಿಗಳು ಕೆಲಸ ಕಳೆದುಕೊಂಡ ಅದೇ ಮೇಸ್ತ್ರಿಗಳನ್ನು ವಿಮಾನ ಹತ್ತಿಸಿ, ಅವರ ಅನ್ನವನ್ನು ಕಿತ್ತುಕೊಂಡವರಿಗೇ ಕಸುಬು ಕಲಿಸಲು ಕಳಿಸಿದರು.

"ನನ್ನ ಮನೆಗೆ ಬೆಂಕಿ ಇಟ್ಟೋರಿಗೆ ಬೆಂಕಿಪೊಟ್ಟಣ ಮಾರೋಕೆ ಬಂದೋನು ನಾನು," ಎಂದು ಮೇಸ್ತ್ರಿ ನಗುತ್ತಿದ್ದರು. ವ್ಯಾಪಾರ ಚೆನ್ನಾಗಿಯೇ ಆಯಿತೆಂದು ಸೇರಿಸುತ್ತಿದ್ದರು.

ಬಂದ ಮೊದಲ ವಾರದಲ್ಲಿ ನಡೆದ ಒಂದು ಔತಣ ಅವರ ತಲೆಯನ್ನು ಶಾಶ್ವತವಾಗಿ ಕೆಡಿಸಿತು. ಮೇಜಿನ ಮೇಲೆ ಇಡಿಯ ಮೀನು ಬಂದಿತು. ಮೀನಿನ ತಲೆಯನ್ನು ಅತಿಥಿಯ ಕಡೆಗೆ ತಿರುಗಿಸಿ ಇಡುವುದು ನಮ್ಮಲ್ಲಿ ಮರ್ಯಾದೆ. ತಲೆ ಯಾರ ಕಡೆಗಿದೆಯೋ ಅವರು ಮೊದಲು ಕುಡಿದ ಮೇಲೆಯೇ ಉಳಿದವರು ಕೈ ಹಾಕುವುದು. ಆ ದಿನ ಮೀನು ಮೇಸ್ತ್ರಿಯನ್ನು ನೋಡಿತು. ಸಭೆ ಎದ್ದು ನಿಂತಿತು. ಊರಿನಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಮನುಷ್ಯನಿಗೆ ಒಂದು ಸತ್ತ ಮೀನು ಮಾಡಿದ ಈ ಗೌರವವನ್ನು ಆಮೇಲೆ ಯಾವ ಮಾತೂ ಸರಿಗಟ್ಟಲಿಲ್ಲ. ಚೀನಾ ತನಗೆ ಅರ್ಥವಾಯಿತೆಂದು ಅವರು ಅಂದೇ ತೀರ್ಮಾನಿಸಿದರು.

ಅವರ ಚೀನೀ ಭಾಷೆ ಕಾರ್ಖಾನೆಯ ನೆಲದ ಮೇಲಿಂದ ಆಯ್ದುಕೊಂಡದ್ದು. ಅಂಟು, ಮೊಳೆ, ಅಂಚು, ಹೊಲಿಗೆ ಇವುಗಳ ಹೆಸರಿತ್ತು. ಹುನಾನಿನ ಬೈಗುಳಗಳು ಧಾರಾಳವಾಗಿದ್ದವು. ಬಹುವಚನ ಮಾತ್ರ ಇರಲಿಲ್ಲ. ಬಾಗಿಲು ಕಾಯುವವನಿಂದ ಕಾರ್ಖಾನೆಯ ಒಡತಿಯವರೆಗೆ ಎಲ್ಲರೂ ಅವರಿಗೆ ನೀನೇ. ಒಡತಿ ಎಂದರೆ ಲಿಯಾವ್ ಶಿಯುಚಿನ್, ನಮ್ಮೆಲ್ಲರ ಬಾಯಲ್ಲಿ ದೊಡ್ಡಮ್ಮನವರು. ಗಂಡನ ಜೊತೆ ತೈವಾನಿನಿಂದ ಬಂದು ಈ ಕಾರ್ಖಾನೆಯನ್ನು ಕಟ್ಟಿದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸಿದರು. ಎಂಬತ್ತು ದಾಟಿದ ಮೇಲೂ ದಿನ ಬೆಳಗಾದರೆ ಮಾದರಿ ವಿಭಾಗಕ್ಕೆ ಬಂದು ಒಂದು ಸ್ಟೂಲಿನ ಮೇಲೆ ಕುಳಿತು ಎಲ್ಲರ ಕೈಗಳನ್ನು ನೋಡುತ್ತಿದ್ದರು. ಅವರು ಮೆಚ್ಚಿದ ಷೂವನ್ನು ಯಾರೂ ಕೆಟ್ಟದ್ದೆನ್ನುತ್ತಿರಲಿಲ್ಲ. ಒಮ್ಮೆ ಅವರೇ ತೊಟ್ಟು, ಚೆನ್ನಾಗಿದೆ ಎಂದ ಷೂವನ್ನು ಮೇಸ್ತ್ರಿ ಅವರ ಕಾಲಿನಿಂದ ಎಳೆದು ತೆಗೆದು ಬುಟ್ಟಿಗೆ ಎಸೆದರು.

"ಇದು ಷೂ ಅಲ್ಲ, ಶಿಕ್ಷೆ. ನಿನ್ನ ಬೆರಳು ನೋಡ್ಕೋ, ಹೇಗೆ ಕೆಂಪಾಗಿದೆ. ಸುಳ್ಳು ಯಾಕೆ ಹೇಳ್ತೀಯ?"

ವಿಭಾಗದಲ್ಲಿ ಯಂತ್ರಗಳು ನಿಂತವು. ದೊಡ್ಡಮ್ಮನವರು ತಮ್ಮ ಬೆರಳು ನೋಡಿಕೊಂಡರು.

"ನೋಯ್ತಿತ್ತು," ಎಂದರು. ಆ ದಿನದಿಂದ ಅವರ ಸ್ಟೂಲು ಮೇಸ್ತ್ರಿಯ ಮೇಜಿನ ಪಕ್ಕಕ್ಕೆ ಬಂದಿತು.

ಅವರ ಮಗ ಕುವೊ ಯಾವ್‌ತಿಂಗ್. ವಯಸ್ಸು ಐವತ್ತು ಮೀರಿ ತಲೆ ನೆರೆತಿದ್ದರೂ ತಾಯಿ ಸ್ಟೂಲಿನ ಮೇಲಿರುವವರೆಗೆ ಅವರು ಸಣ್ಣ ಯಜಮಾನರೇ. ತಾಯಿ ಅವರಿಗೆ ಒಂದೇ ಒಂದು ಅಧಿಕಾರವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದರು: ಜನರನ್ನು ಇಟ್ಟುಕೊಳ್ಳುವುದು ಮತ್ತು ಕಳಿಸುವುದು. ಕೊಟ್ಟ ಮಾತಿಗೆ ತಪ್ಪುವ ಹೆಂಗಸು ಅವರಲ್ಲ; ಆದ್ದರಿಂದ ಆ ವಿಷಯದಲ್ಲಿ ಬಾಯಿ ಹಾಕುತ್ತಿರಲಿಲ್ಲ. ಸಣ್ಣ ಯಜಮಾನರು ಈ ಅಧಿಕಾರವನ್ನು, ಮಿಕ್ಕ ಅಧಿಕಾರಗಳಿಲ್ಲದ ಸಿಟ್ಟನ್ನೂ ಸೇರಿಸಿ, ಹುರುಪಿನಿಂದ ಚಲಾಯಿಸುತ್ತಿದ್ದರು. ಕಾರ್ಖಾನೆಯ ಒಂದೊಂದೇ ಅಂಗ ವಿಯೆಟ್ನಾಮಿಗೆ ಹೋಗುತ್ತಿದ್ದ ಕಾಲ. ನಮ್ಮಲ್ಲಿದ್ದ ಬೇರೆ ಬ್ರೆಜಿಲ್ ಮೇಸ್ತ್ರಿಗಳು ಆಗಲೇ ಗಂಟು ಕಟ್ಟಿದ್ದರು. ಉಳಿದವರು ಯೀ ಮೇಸ್ತ್ರಿಯೊಬ್ಬರೇ, ಅವರಿಗೂ ಅರವತ್ತು ತುಂಬುತ್ತಿತ್ತು.

ಅರವತ್ತಾದ ಪರದೇಶದವರಿಗೆ ಕೆಲಸದ ಪರವಾನಗಿ ಸುಲಭವಾಗಿ ಮುಂದುವರಿಯದು. ಈ ಮನುಷ್ಯನಿಲ್ಲದಿದ್ದರೆ ನಮ್ಮ ಕೆಲಸ ನಿಲ್ಲುತ್ತದೆ ಎಂದು ಕಾರ್ಖಾನೆಯೇ ಸರ್ಕಾರಿ ಕಚೇರಿಗೆ ಹೋಗಿ ಬೇಡಿಕೊಳ್ಳಬೇಕು. ಸಣ್ಣ ಯಜಮಾನರು ಯಾರನ್ನೂ ಬೇಡಿಕೊಳ್ಳುವ ಲಕ್ಷಣ ಕಾಣಲಿಲ್ಲ. ವಸಂತದ ಹಬ್ಬ, ಎಂದರೆ ನಮ್ಮ ಹೊಸ ವರ್ಷ, ಕಳೆದ ಮೇಲೆ ಮೇಸ್ತ್ರಿ ಊರಿಗೆ ಹೋಗುವುದು ಖಚಿತವೆಂದು ಬಾಗಿಲು ಕಾಯುವವನೂ ಹೇಳುತ್ತಿದ್ದ.

"ಹೋದ್ರೆ ಏನಾಗತ್ತೆ ಮೇಸ್ತ್ರಿ? ಮನೆ ಇದೆ, ಹೆಂಡ್ತಿ ಇದ್ದಾರೆ," ಎಂದೆ ಒಂದು ಮಧ್ಯಾಹ್ನ.

"ಇದೆ, ಇದ್ದಾಳೆ. ನನ್ನ ಕುರ್ಚೀಲಿ ನಾಯಿ ಮಲಗತ್ತೆ. ಹೋದ ವರ್ಷ ನಾನು ಹೋಗಿ ಅದರಲ್ಲಿ ಕೂತೆ. ನಾಯಿ ಬಂದು ಎದುರಿಗೆ ನಿಂತು ನೋಡ್ತು. ಮಾರ್ಲೀಸೂ ಬಂದು ನೋಡಿದ್ಲು. ಇಬ್ರೂ ಒಂದೇ ಥರ ನೋಡಿದ್ರು."

"ಎದ್ರಾ?"

"ಎದ್ದೆ."

ಅವರು ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಹೊರಟು, ನಮ್ಮ ಹಬ್ಬ ಮುಗಿದು ಕಾರ್ಖಾನೆ ಬಾಗಿಲು ತೆರೆದ ಮೇಲೆ ಹಿಂದಿರುಗುತ್ತಿದ್ದರು. ಆ ವರ್ಷ ಹೆಂಡತಿ ಮಾರ್ಲೀಸ್ ಫೋನು ಮಾಡಿ, ಅಡುಗೆಮನೆಯ ನೆಲ ಕಿತ್ತು ಹೊಸದು ಹಾಕಿಸುತ್ತಿದ್ದೇನೆ, ಧೂಳು, ಬರಬೇಡ ಎಂದಳಂತೆ. ಹೀಗಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಮೊದಲ ಬಾರಿಗೆ ಮೇಸ್ತ್ರಿ ನಮ್ಮ ವರ್ಷಾಂತ್ಯದ ಊಟಕ್ಕೆ ಇಲ್ಲಿ ಉಳಿದರು.

ಈ ಊಟವನ್ನು ಕುರಿತು ಎರಡು ಮಾತು ಹೇಳಬೇಕು. ಚಾಂದ್ರಮಾನದ ಕೊನೆಯ ತಿಂಗಳಲ್ಲಿ, ಹುಣ್ಣಿಮೆಯ ಮರುದಿನ, ಯಜಮಾನರು ಆಳುಗಳೆಲ್ಲರನ್ನೂ ಕೂರಿಸಿ ಉಣ್ಣಿಸುತ್ತಾರೆ. ಮದ್ಯ ಹರಿಯುತ್ತದೆ, ಚೀಟಿ ಎತ್ತಿ ಬಹುಮಾನ ಹಂಚುತ್ತಾರೆ. ಹಳೆಯ ಕಾಲದಿಂದ ಬಂದ ಇನ್ನೊಂದು ರೂಢಿಯೂ ಇದೆ. ಯಜಮಾನರ ಮೇಜಿನ ಮೇಲೆ ಇಡುವ ಕೋಳಿಯ ತಲೆ ಯಾರ ಕಡೆಗೆ ತಿರುಗಿದೆಯೋ, ಅವರಿಗೆ ಹೊಸ ವರ್ಷದಲ್ಲಿ ಕೆಲಸವಿಲ್ಲ. ಬಾಯಿಬಿಟ್ಟು ಹೇಳಲು ಸಂಕೋಚಪಡುವ ಯಜಮಾನರ ಪರವಾಗಿ ಸತ್ತ ಕೋಳಿ ಆ ಕೆಲಸವನ್ನು ಮಾಡಿಕೊಡುತ್ತದೆ. ದೊಡ್ಡಮ್ಮನವರ ಗಂಡನ ಕಾಲದಲ್ಲಿ ಒಬ್ಬ ಲೆಕ್ಕಿಗ ಸೂಪು ಬರುವ ಮುನ್ನವೇ ಎದ್ದು ಹೋಗಿದ್ದನಂತೆ. ಈಗ ಯಾವ ಯಜಮಾನರೂ ಕೋಳಿ ತಿರುಗಿಸುವುದಿಲ್ಲ. ಅಡುಗೆಯವರೇ ತಲೆಯನ್ನು ಕತ್ತರಿಸಿ ಎಸೆದು, ಬರಿಯ ಮೈಯನ್ನು ತುಂಡುಮಾಡಿ ತರುತ್ತಾರೆ. ತಲೆಯಿಲ್ಲದ ಕೋಳಿಯನ್ನು ಕಂಡ ಮೇಲೆಯೇ ನಮ್ಮ ಜನ ನೆಮ್ಮದಿಯಿಂದ ಚಾಪ್‌ಸ್ಟಿಕ್ ಎತ್ತುವುದು. ಮೀನಿನ ತಲೆ ಗೌರವ, ಆ ದಿನದ ಕೋಳಿಯ ತಲೆ ಬೀಳ್ಕೊಡುಗೆ. ಇದು ಇಲ್ಲಿನ ಮಕ್ಕಳಿಗೂ ಗೊತ್ತು.

ಮೇಸ್ತ್ರಿಗೆ ಮೀನು ಗೊತ್ತಿತ್ತು.

ಊಟಕ್ಕೆ ಕೆಲವು ದಿನ ಮುಂಚೆ ಅವರು ನನ್ನ ಮೇಜಿಗೆ ಬಂದು, ಯಜಮಾನರ ಮೇಜಿಗೆ ತಾವೇ ಕೋಳಿ ಸುಡುವುದಾಗಿ ಸಾರಿದರು. ಕಣಿವೆಯವರು ಮಾಂಸ ಸುಡುವುದರಲ್ಲಿ ಪಳಗಿದವರೆಂಬುದನ್ನು ನಾನು ಒಪ್ಪುತ್ತೇನೆ.

"ಮಗನನ್ನ ಗೆಲ್ಲಬೇಕು ಅಂದ್ರೆ ತಾಯಿಗೆ ಮರ್ಯಾದೆ ಮಾಡ್ಬೇಕು," ಎಂದರು. "ಚೀನೀಯರು ಹಾಗೇನೇ. ಎಲ್ಲರ ಮುಂದೆ ತಾಯಿಗೆ ದೊಡ್ಡ ಮರ್ಯಾದೆ ಮಾಡ್ತೀನಿ. ಮಗ ಕರಗ್ತಾನೆ. ಪರವಾನಗಿ ಕೇಳೋಕೆ ಅವನೇ ಹೋಗ್ತಾನೆ. ನೋಡ್ತಿರು."

ಏನು ಮರ್ಯಾದೆ ಎಂದು ನಾನು ಕೇಳಿದೆ. ಅದು ಗುಟ್ಟು ಎಂದರು. ಹಾಡು ಹೇಳುವರೋ ಏನೋ ಎಂದು ನಾನು ಹೆದರಿದ್ದೆ. ಅದಕ್ಕಿಂತ ಹೆಚ್ಚಿನದಕ್ಕೆ ಹೆದರುವ ಕಲ್ಪನೆ ನನಗಿರಲಿಲ್ಲ.

ಊಟದ ದಿನ ನಾನು ಬಹುಮಾನಗಳ ಉಸ್ತುವಾರಿಯಲ್ಲಿದ್ದೆ. ಅಡುಗೆಮನೆಯ ಹಿಂದೆ ನಡೆದದ್ದನ್ನು ಬಾಣಸಿಗ ಲುವೊ ಆಮೇಲೆ ಹೇಳಿದ. ಲುವೊ ಸಿಚುವಾನಿನವನು, ತೈವಾನಿನವರಿಗೆ ಅಡುಗೆ ಮಾಡಿ ಮಾಡಿ ಅವರ ರೂಢಿಗಳನ್ನೆಲ್ಲ ಬಲ್ಲವನು. ಮೇಸ್ತ್ರಿ ಇಟ್ಟಿಗೆ ಜೋಡಿಸಿ, ಕೆಂಡ ಹರಡಿ, ಕೋಳಿಯನ್ನು ಸರಳಿಗೆ ಸಿಕ್ಕಿಸಿದ್ದರು. ಅದರ ತಲೆ ಸುಟ್ಟು ಕಪ್ಪಾಗದಂತೆ ಬೆಳ್ಳಿಕಾಗದದ ಟೊಪ್ಪಿಗೆ ತೊಡಿಸಿದ್ದರು. ಲುವೊ ಕತ್ತಿ ಹಿಡಿದು ಹೋಗಿ ನಿಂತನಂತೆ.

"ತಲೆ ಈ ಕಡೆ ಕೊಡಿ ಮೇಸ್ತ್ರಿ, ಕತ್ತರ್ಸಿ ಬಿಡ್ತೀನಿ."

"ಮುಟ್ಟಬೇಡ! ತಲೆ ಇಲ್ಲದ ಕೋಳಿ ಅವಮಾನ. ಚೀನಾದಲ್ಲಿ ಹುಟ್ಟಿ ನಿನಗಿಷ್ಟೂ ಗೊತ್ತಿಲ್ವಾ?"

"ಬೇರೆ ದಿನ ಸರಿ ಮೇಸ್ತ್ರಿ. ಇವತ್ತು ತಲೆ ಅಂದ್ರೆ..."

"ಗೊತ್ತಪ್ಪ, ಗೊತ್ತು. ತಲೆ ಅಂದ್ರೆ ಗೌರವ. ನಾನು ಈ ಊರಿನ ಅನ್ನ ತಿನ್ನೋಕೆ ಶುರು ಮಾಡ್ದಾಗ ನೀನು ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದೆ."

"ಸಣ್ಣ ಯಜಮಾನರು ನೋಡಿದ್ರೆ..."

"ನೋಡ್ಲಿ ಅಂತಾನೇ ಮಾಡ್ತಿರೋದು!"

"ಅಕ್ಕಾ, ನಾನು ಬಾಯಿ ತೆಗೆದಾಗೆಲ್ಲ ಅವ್ರು ನನ್ನ ಬಾಯಿಗೆ ಚೀನಾ ತುರುಕಿದ್ರು," ಎಂದು ಲುವೊ ನನಗೆ ವರದಿ ಒಪ್ಪಿಸಿದ. "ಹಾಳಾಗಿ ಹೋಗ್ಲಿ ಅಂತ ನಾನು ಹೋಗಿ ಸೊಪ್ಪು ಬಾಡಿಸಿದೆ."

ಊಟದ ಸಭಾಂಗಣ ತುಂಬಿತ್ತು. ಯಜಮಾನರ ಮೇಜು ವೇದಿಕೆಯ ಕೆಳಗೆ, ನಡುವೆ ತಿರುಗುವ ಗಾಜಿನ ತಟ್ಟೆ. ದೊಡ್ಡಮ್ಮನವರು ಮಧ್ಯದಲ್ಲಿ, ಪಕ್ಕದಲ್ಲಿ ಮಗ, ಸುತ್ತ ವಿಭಾಗಗಳ ಮುಖ್ಯಸ್ಥರು, ಅವರ ನಡುವೆ ನಾನು. ಮೇಸ್ತ್ರಿ ಕೋಟು ತೊಟ್ಟು, ಎರಡೂ ಕೈಯಲ್ಲಿ ಪಿಂಗಾಣಿಯ ಅಗಲ ತಟ್ಟೆಯನ್ನು ಹೊತ್ತು, ಮದುವಣಗಿತ್ತಿಯನ್ನು ಕರೆತರುವ ಸೋದರಮಾವನಂತೆ ಬಂದರು. ತಟ್ಟೆಯನ್ನು ಗಾಜಿನ ಮೇಲಿಟ್ಟು, ಗಾಜನ್ನು ನಿಧಾನವಾಗಿ ತಿರುಗಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಇನ್ನಿಷ್ಟು ತಿರುಗಿಸಿ ನಿಲ್ಲಿಸಿದರು. ಹಿಮ್ಮಡಿ ನೆಟ್ಟಗಿದೆಯೇ ಎಂದು ನೋಡುವಾಗಲೂ ಅವರು ಹಾಗೆಯೇ ಒಂದು ಕಣ್ಣು ಮುಚ್ಚುವುದು.

ಕೋಳಿ ಹೊಂಬಣ್ಣಕ್ಕೆ ತಿರುಗಿತ್ತು. ಕತ್ತು ಬಾಗದಿರಲೆಂದು ಒಳಗೆ ಬಿದಿರಿನ ಕಡ್ಡಿ ತೂರಿಸಿದ್ದರು. ಕೊಕ್ಕಿನಲ್ಲಿ ಕೊತ್ತಂಬರಿಯ ಎಸಳಿತ್ತು. ಅದು ತಲೆಯೆತ್ತಿ ದೊಡ್ಡಮ್ಮನವರನ್ನು ನೆಟ್ಟಗೆ ನೋಡುತ್ತಿತ್ತು.

ಮೊದಲು ನಮ್ಮ ಮೇಜು ಸ್ತಬ್ಧವಾಯಿತು, ಆಮೇಲೆ ಪಕ್ಕದ ಮೇಜುಗಳು, ಕೊನೆಗೆ ಹಿಂದಿನ ಸಾಲಿನ ಅಂಟು ವಿಭಾಗದವರು. ಆಳೊಬ್ಬ ಒಡತಿಯನ್ನು ಕೆಲಸದಿಂದ ತೆಗೆದಿದ್ದ. ಎಂಬತ್ತು ದಾಟಿದವರಿಗೆ ನಿಮ್ಮ ಕಾಲ ಮುಗಿಯಿತೆಂದು ಹೇಳುವುದರ ಇನ್ನೊಂದು ಅರ್ಥವೂ ಎಲ್ಲರಿಗೂ ಹೊಳೆದು, ಹೆಂಗಸರು ಬಾಯಿಗೆ ಕೈ ಹಚ್ಚಿದರು. ಮಾರಾಟ ವಿಭಾಗದ ಮುಖ್ಯಸ್ಥ ಕಿರುಬೆರಳಿನಿಂದ ಗಾಜನ್ನು ಮೆಲ್ಲನೆ ತಳ್ಳಿದ. ಆದರೆ ದೊಡ್ಡಮ್ಮನವರನ್ನು ಬಿಟ್ಟು ತಿರುಗಿದ ಕೋಳಿ ಮುಂದೆ ಯಾರನ್ನಾದರೂ ನೋಡಲೇಬೇಕಲ್ಲ. ನೋಡಬೇಕಾಗಿದ್ದವನು ಖರೀದಿ ವಿಭಾಗದವನು. ಅವನು ತನ್ನ ಕಡೆಯಿಂದ ಗಾಜನ್ನು ಅದುಮಿ ಹಿಡಿದ. ಇನ್ನೊಂದು ದಿಕ್ಕಿಗೆ ಹೊರಳಿಸಲು ಯಾರೋ ಪ್ರಯತ್ನಿಸಿದರು. ಅಲ್ಲಿ ಲೆಕ್ಕಪತ್ರದ ಹೆಂಗಸು ಮೊಣಕೈ ಊರಿದಳು. ಮೇಜಿನ ಸುತ್ತ ಕುಳಿತವರೆಲ್ಲ ಮುಗುಳ್ನಗುತ್ತ, ಬೆರಳ ತುದಿಯಿಂದ, ಉಸಿರು ಕಟ್ಟಿ ಹೋರಾಡಿದರು. ಕೋಳಿ ನಿಂತಲ್ಲೇ ನಡುಗಿತು, ಕೊತ್ತಂಬರಿ ಅಲುಗಿತು, ತಲೆ ಒಂದಿಂಚೂ ಕದಲಲಿಲ್ಲ. ನಾನೂ ನನ್ನ ಎದುರಿನ ಗಾಜಿನ ಮೇಲೆ ಹೆಬ್ಬೆರಳು ಇಟ್ಟಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ.

"ಯಾರು ಇಟ್ಟಿದ್ದು ಇದನ್ನ?" ದೊಡ್ಡಮ್ಮನವರು ಕೇಳಿದರು.

"ನಾನು!" ಮೇಸ್ತ್ರಿ ಎದೆ ಮುಂದೆ ಮಾಡಿದರು.

"ತಲೆ ನನ್ನ ಕಡೆ ತಿರುಗಿಸಿದ್ದು?"

"ಅದೂ ನಾನೇ. ನಿನಗೇ ಅಂತ ತಿರುಗಿಸಿದೆ. ಇಲ್ಲಿ ನಿನಗಿಂತ ದೊಡ್ಡೋರು ಇನ್ಯಾರಿದ್ದಾರೆ?"

"ಅಮ್ಮಾ, ಇವನಿಗೆ ಬುದ್ಧಿ ನೆಟ್ಟಗಿಲ್ಲ," ಸಣ್ಣ ಯಜಮಾನರು ಎದ್ದರು. "ಲುವೊ! ಎತ್ಕೊಂಡು ಹೋಗು ಇದನ್ನ!"

"ಕೂತ್ಕೋ," ಎಂದರು ತಾಯಿ. ಮಗ ಕುಳಿತ ಮೇಲೆ ನನ್ನ ಕಡೆ ತಿರುಗಿದರು. "ಯಾನ್, ಇವನಿಗೆ ಇದರ ಅರ್ಥ ಗೊತ್ತಾ?"

ನಾನು ಎದ್ದು ನಿಂತೆ. "ಗೊತ್ತಿಲ್ಲ ದೊಡ್ಡಮ್ಮಾವ್ರೇ. ಮೀನಿನ ಶಾಸ್ತ್ರ ಗೊತ್ತು, ಅದನ್ನೇ ಕೋಳಿಗೂ ಹಚ್ಚಿದ್ದಾರೆ. ಈ ಊಟಕ್ಕೆ ಇವರು ಯಾವತ್ತೂ ಇದ್ದವರಲ್ಲ."

"ಹೇಳು ಅವನಿಗೆ."

ಹೇಳಿದೆ. ಪೋರ್ಚುಗೀಸಿನಲ್ಲಿ ಅದನ್ನು ಹೇಳಲು ಹೆಚ್ಚು ಮಾತು ಬೇಕಾಗಲಿಲ್ಲ. ಮೇಸ್ತ್ರಿ ಕೋಳಿಯನ್ನು ನೋಡಿದರು, ದೊಡ್ಡಮ್ಮನವರನ್ನು ನೋಡಿದರು, ಸಣ್ಣ ಯಜಮಾನರನ್ನು ನೋಡಿದರು. ಅವರ ಮುಖದ ಬಣ್ಣ ಹಸಿಯ ತೊಗಲಿನ ಬಣ್ಣಕ್ಕೆ ಇಳಿಯಿತು. ತಟ್ಟೆಯ ಕಡೆ ಚಾಚಿದ ಅವರ ಕೈಯನ್ನು ದೊಡ್ಡಮ್ಮನವರು ಚಾಪ್‌ಸ್ಟಿಕ್ಕಿನಿಂದ ಹೊಡೆದರು.

"ಬಿಡು. ಇಟ್ಟಿದ್ದು ಇಟ್ಟ ಹಾಗೇ ಇರ್ಲಿ."

ಮೇಸ್ತ್ರಿ ಪಕ್ಕದ ಕುರ್ಚಿಯಲ್ಲಿ ಕುಸಿದರು. ಅವರ ಪರವಾನಗಿಯ ಕಥೆ ಅಲ್ಲಿಗೆ ಮುಗಿಯಿತೆಂದು ನನಗೂ ಅನ್ನಿಸಿತು. ಸಣ್ಣ ಯಜಮಾನರಿಗೆ ಇನ್ನು ನೆಪವನ್ನೂ ಹುಡುಕಬೇಕಾಗಿರಲಿಲ್ಲ.

ದೊಡ್ಡಮ್ಮನವರು ಕೋಲೂರಿ ಎದ್ದು ನಿಂತರು. ಬಹುಮಾನದ ಚೀಟಿ ಕೂಗಲು ನಿಂತಿದ್ದ ನಿರೂಪಕ, ಭಾಷಣವಿರಬಹುದೆಂದು ತಿಳಿದು, ಮೈಕನ್ನು ತಂದು ಅವರ ಮುಂದೆ ಹಿಡಿದ.

"ನನ್ನ ಗಂಡ ಎಷ್ಟೋ ಜನರ ಕಡೆ ಕೋಳಿ ತಿರುಗಿಸಿದ್ರು," ಎಂದರು. ದನಿ ಸಭಾಂಗಣದ ಮೂಲೆಮೂಲೆಗೂ ಹೋಯಿತು. "ಯಾರೂ ಎದುರಾಡ್ಲಿಲ್ಲ. ಪದ್ಧತಿ ಅಂದ್ರೆ ಪದ್ಧತಿ. ಈಗ ನನ್ನ ಕಡೆ ತಿರುಗಿದೆ. ನಾಳೆಯಿಂದ ನಾನು ಬರಲ್ಲ. ಯಾವ್‌ತಿಂಗ್, ನನ್ನ ಸ್ಟೂಲು ತೆಗೆಸಿ ಹಾಕು."

ಆ ಸ್ಟೂಲನ್ನು ತೆಗೆಸಬೇಕೆಂಬುದು ಸಣ್ಣ ಯಜಮಾನರ ಎಷ್ಟೋ ವರ್ಷಗಳ ಹಂಬಲ. ಅವರ ಮುಖದ ಮೇಲೆ ಒಂದು ಮಿಂಚು ಸುಳಿಯಿತು. ನಾನು ನೋಡಿದೆ, ಮೇಜಿನವರೆಲ್ಲ ನೋಡಿದರು, ಅವರ ತಾಯಿಯೂ ನೋಡಿದರು. ಆದರೆ ಸಭಾಂಗಣದ ತುಂಬ ಮೊಬೈಲುಗಳು ಮೇಲೆದ್ದಿದ್ದವು. ಹೂಂ ಎಂದರೆ, ಮುದಿ ತಾಯಿಯನ್ನು ಕೋಳಿಯ ಮಾತು ಕೇಳಿ ಮನೆಗೆ ಕಳಿಸಿದ ಮಗನೆಂದು ಇಡೀ ಹೌಜಿಯೆ ಮರುದಿನ ಬೆಳಿಗ್ಗೆ ಗಂಜಿಯ ಜೊತೆ ನಂಚಿಕೊಳ್ಳುತ್ತಿತ್ತು. ಅವರು ಮೈಕನ್ನು ಕಿತ್ತುಕೊಂಡರು.

"ಏನ್ ಮಾತು ಅಂತ ಆಡ್ತೀರಮ್ಮ! ಕೋಳಿ ಹೇಳಿದ್ರೆ ಹೋಗ್ತಾರಾ ಯಾರಾದ್ರೂ? ಅದೆಲ್ಲ ಅಪ್ಪನ ಕಾಲದ ಮೂಢನಂಬಿಕೆ. ನನ್ನ ಕಾರ್ಖಾನೇಲಿ ಕೋಳಿ ನೋಡಿ ಯಾರನ್ನೂ ಕಳಿಸಲ್ಲ!"

"ಮತ್ತೆ ಏನು ನೋಡಿ ಕಳಿಸ್ತೀಯ? ವಯಸ್ಸು ನೋಡಿಯಾ?"

"ವಯಸ್ಸು ನೋಡಿ ಕಳಿಸೋದುಂಟಾ? ಮನೇಲಿ ಒಬ್ಬರು ಹಿರಿಯರಿದ್ರೆ ಒಂದು ನಿಧಿ ಇದ್ದ ಹಾಗೆ. ವಯಸ್ಸಾದೋರು ನಮಗೆ ಬೇಕು, ಬೇಕೇ ಬೇಕು!"

ಆಗಲೇ ಸಾಕಷ್ಟು ಕುಡಿದಿದ್ದ ಅಂಟು ವಿಭಾಗದವರು ಮೇಜು ಕುಟ್ಟಿ ಕೇಕೆ ಹಾಕಿದರು. ಚಪ್ಪಾಳೆಯ ಬಿಸಿ ತಲೆಗೇರಿ ಸಣ್ಣ ಯಜಮಾನರು ಇನ್ನೊಂದು ಸಲ, ಇನ್ನೂ ಗಟ್ಟಿಯಾಗಿ, ಬೇಕೇ ಬೇಕು ಎಂದರು.

"ಎಲ್ರೂ ಕೇಳಿದ್ರಾ?" ದೊಡ್ಡಮ್ಮನವರು ಸಭೆಯ ಕಡೆ ತಿರುಗಿದರು.

"ಕೇಳಿದ್ವಿ!" ಎಂದಿತು ಸಭೆ.

"ಹಾಗಾದ್ರೆ ಈ ಮುದುಕನ ಪರವಾನಗಿ ಕೇಳೋಕೆ ಹಬ್ಬಕ್ಕೆ ಮುಂಚೆ ಹೋಗು. ಅರವತ್ತಾಗತ್ತೆ ಅವನಿಗೆ. ಅವನೂ ನಿಧಿ."

ಸಣ್ಣ ಯಜಮಾನರ ಕೈಯಲ್ಲಿ ಮೈಕು ಇನ್ನೂ ಇತ್ತು. ಅವರು ಉಗುಳು ನುಂಗಿದ ಸದ್ದು ಹಿಂದಿನ ಸಾಲಿಗೂ ಕೇಳಿಸಿತು.

"ಹೋಗ್ತೀನಿ," ಎಂದರು.

ದೊಡ್ಡಮ್ಮನವರು ಕುಳಿತು, ಕೋಳಿಯ ಕತ್ತನ್ನು ಮುರಿದು, ಬಿದಿರಿನ ಕಡ್ಡಿಯನ್ನು ಕಿತ್ತು ಮಗನ ತಟ್ಟೆಯ ಪಕ್ಕಕ್ಕಿಟ್ಟರು. ತಲೆಯನ್ನು ತಾವೇ ಬಾಯಿಗಿಟ್ಟು, ಅವಸರವಿಲ್ಲದೆ ಹೀರಿ, ಮೂಳೆಗಳನ್ನು ಒಂದೊಂದಾಗಿ ಉಗುಳಿದರು. ನಾವೆಲ್ಲ ಕಾದೆವು.

"ಉಪ್ಪು ಜಾಸ್ತಿ," ಎಂದರು ಮೇಸ್ತ್ರಿಗೆ. "ತಿನ್ನಿ ಎಲ್ರೂ, ಆರಿ ಹೋಗ್ತಿದೆ."

ಹಬ್ಬಕ್ಕೆ ಮುನ್ನ ಸಣ್ಣ ಯಜಮಾನರು ಕಚೇರಿಗೆ ಹೋದರು. ಅಲ್ಲಿನವರು ಮೊದಲು ಆಗದು ಎಂದರಂತೆ. ಆ ರಾತ್ರಿಯ ಭಾಷಣ ಬೀದಿಯವರ ಮೊಬೈಲುಗಳಲ್ಲೆಲ್ಲ ಹರಿದಾಡಿದ್ದರಿಂದ, ಬರಿಗೈಯಲ್ಲಿ ಹಿಂದಿರುಗುವ ದಾರಿ ಅವರಿಗೆ ಇರಲಿಲ್ಲ. ಮತ್ತೆ ಹೋದರು, ಬೇಡಿಕೊಂಡರು. ಮೇಸ್ತ್ರಿಗೆ ಸಲಹೆಗಾರರೆಂಬ ಹೊಸ ಹೆಸರು ಕೊಟ್ಟು ಪರವಾನಗಿ ತಂದರು. ತಂದ ದಿನವೇ ಅಡುಗೆಮನೆಗೆ ಒಂದು ಆಜ್ಞೆ ಹೊರಡಿಸಿದರು: ಇನ್ನು ಮುಂದೆ ತಲೆಯಿರುವ ಯಾವ ಪದಾರ್ಥವೂ ಕಾರ್ಖಾನೆಯ ಔತಣದ ಮೇಜಿಗೆ ಬರಕೂಡದು. ಲುವೊ ಈಗ ಸೀಗಡಿಗಳ ತಲೆಯನ್ನೂ ಚಿವುಟುತ್ತ ಕುಳಿತಿರುತ್ತಾನೆ, ಚಿವುಟುತ್ತ ಮೇಸ್ತ್ರಿಯ ವಂಶವನ್ನು ಸ್ಮರಿಸುತ್ತಾನೆ.

ಮೇಸ್ತ್ರಿ ಕೆಲವು ಭಾನುವಾರ ಉಪದೇಶ ನಿಲ್ಲಿಸಿದ್ದರು. ಆಮೇಲೆ ಪೀಠ ಮತ್ತೆ ಸೇರಿತು. ಈಗ ಹೊಸಬರಿಗೆ ಕೋಳಿಯ ಕಥೆಯೇ ಮೊದಲ ಪಾಠ. ಆ ಪಾಠದ ಪ್ರಕಾರ ಮೇಸ್ತ್ರಿಗೆ ಮೊದಲಿನಿಂದಲೂ ಎಲ್ಲವೂ ಗೊತ್ತಿತ್ತು. ಒಡತಿಯ ಕಡೆ ತಲೆ ತಿರುಗಿಸಿದರೆ ಮಗ ಸಿಕ್ಕಿಬೀಳುತ್ತಾನೆಂದು ಲೆಕ್ಕ ಹಾಕಿಯೇ ಇಟ್ಟರು. ನಾನು ಪಕ್ಕದ ಮೇಜಿನಲ್ಲಿ ಕುಳಿತು ಅವರನ್ನು ನೋಡುತ್ತೇನೆ. ಅವರು ನನ್ನ ಕಡೆ ನೋಡದೆ ಕಥೆ ಮುಗಿಸುತ್ತಾರೆ.

ಪರವಾನಗಿ ಕೈಗೆ ಬಂದ ದಿನ ಅವರು ಮಾದರಿ ವಿಭಾಗದ ಹೊರಗಿನ ಓಣಿಯಲ್ಲಿ ನಿಂತು ಊರಿಗೆ ಫೋನು ಮಾಡಿದರು. ಬೇಗ ಮುಗಿಯಿತು. ಒಳಗೆ ಬಂದು ತಮ್ಮ ಚಾಕುವನ್ನು ಕಲ್ಲಿನ ಮೇಲೆ ಮಸೆಯತೊಡಗಿದರು.

"ಏನಂದ್ರು ಮಾರ್ಲೀಸ್?" ಎಂದೆ.

"ಒಳ್ಳೇದಾಯ್ತು ಅಂದ್ಲು. ನನ್ನ ಚಳಿಗಾಲದ ಕೋಟುಗಳನ್ನ ಚರ್ಚಿಗೆ ಕೊಟ್ಟುಬಿಡ್ಲಾ ಅಂತ ಕೇಳಿದ್ಲು."

"ನೀವು?"

"ಕೊಡು ಅಂದೆ. ಆಮೇಲೆ, ಕಂದು ಬಣ್ಣದ್ದು ಒಂದು ಇಟ್ಕೊಂಡಿರು ಅಂದೆ."

"ಇಟ್ಕೋತೀನಿ ಅಂದ್ರಾ?"

"ಹೌದು ಅಂದ್ಲು," ಎಂದು, ಚಾಕುವಿನ ಅಲಗನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅನಂತರ ನನ್ನ ಮೇಜಿನ ಮೇಲಿದ್ದ ಷೂವನ್ನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ, ಸಿಟ್ಟಿನಿಂದ ಅಲ್ಲಾಡಿಸಿದರು. "ಯಾವ ಕತ್ತೆ ಹೊಲೀತು ಇದನ್ನ?"

"ನಾನು."

"ಬಿಚ್ಚು. ಮತ್ತೆ ಹೊಲಿ."

ಹೊಲಿಗೆ ನೆಟ್ಟಗೆ ಇತ್ತು. ನಾನು ಹೊಲಿದದ್ದು ಸೊಟ್ಟಗಾಗುವುದಿಲ್ಲ. ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನು ತೆಗೆದುಕೊಂಡು ಬಿಚ್ಚಿದೆ.